ತಂಗಿಯನ್ನು ಬಾಗಿಲಾಚೆ ಕೂರಿಸಿ ಅಣ್ಣನಿಗೆ ಸಲಹೆ ಕೊಟ್ಟವರಿಗೆ

ಹಾಸನದ ಹಿರಿಯ ನಾಗರಿಕರ ಗೃಹಸಾಲ ಸಲಹಾ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಅರಕಲಗೂಡಿನ ಬಸವಲಿಂಗಮ್ಮನವರನ್ನು ಕಳೆದ ವಾರ ಮನೆಯಿಂದ ಎಬ್ಬಿಸಲಾಯಿತು. ಕಾರಣ ನಿಮ್ಮ ಸಲಹೆ. ಈ ಸುದ್ದಿ ನಿಮ್ಮ ವಾರ್ಷಿಕ ವರದಿಯಲ್ಲಿ ಬರಲಾರದು, ಅದಕ್ಕೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಬಸವಲಿಂಗಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಲ್ಲಿಪಟ್ಟಣದಿಂದ ಅಣ್ಣ ಚಂದ್ರಶೇಖರಯ್ಯನವರ ಬಳಿಗೆ ಬಂದವರು. ಅಣ್ಣನದೂ ಮಕ್ಕಳಿಲ್ಲದ ಸಂಸಾರ. ಅತ್ತಿಗೆ ಬೇಗ ತೀರಿಹೋದರು. ಅಣ್ಣತಂಗಿ ಸೇರಿ ಹಿಟ್ಟಿನ ಗಿರಣಿ ನಡೆಸಿದರು. ಅಣ್ಣ ಯಂತ್ರದ ಮುಂದೆ, ತಂಗಿ ತಕ್ಕಡಿಯ ಮುಂದೆ. ಆ ದುಡಿಮೆಯಲ್ಲೇ ಗಿರಣಿಯ ಹಿಂದೆ ಮನೆ ಎದ್ದಿತು. ಮನೆ ಇಬ್ಬರದು, ಪತ್ರ ಅಣ್ಣನ ಹೆಸರಿನದು. ನಮ್ಮ ಕಡೆ ತಂಗಿಯ ಹೆಸರನ್ನು ಪತ್ರಕ್ಕೆ ಸೇರಿಸುವವರು ಎಷ್ಟು ಮಂದಿ?

ಕೈಕಾಲು ಸೋತು ಗಿರಣಿ ಮುಚ್ಚಿದ ಮೇಲೆ ಚಂದ್ರಶೇಖರಯ್ಯನವರಿಗೆ ಯಾರೋ ರಿವರ್ಸ್ ಮಾರ್ಟ್‌ಗೇಜ್ ವಿಷಯ ಹೇಳಿದರು. ಮನೆಯನ್ನು ಅಡವಿಟ್ಟರೆ ಬ್ಯಾಂಕು ತಿಂಗಳು ತಿಂಗಳು ಹಣ ಕೊಡುತ್ತದೆ. ಸಾಲ ಪಡೆದವರು ಹೋದ ಮೇಲೆ ವಾರಸುದಾರರು ತೀರಿಸಬೇಕು, ಇಲ್ಲವಾದರೆ ಮನೆ ಮಾರಾಟ. ಹಿಂದುಮುಂದು ತಿಳಿಸಲೆಂದು ಬ್ಯಾಂಕು ಅವರನ್ನು ನಿಮ್ಮಲ್ಲಿಗೆ ಕಳಿಸಿತು. ನನ್ನ ಮನೆಯನ್ನೂ ಹೀಗೆ ಅಡವಿಡುವ ಯೋಚನೆಯಲ್ಲಿ ನಾನೂ ಅಂದು ಬಂದಿದ್ದೆ. ಸಮಯ ಉಳಿಸಲೆಂದು ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡಿರಿ. ಹಿಂದೆಯೇ ಒಳಬಂದ ತಂಗಿಗೆ, “ಅರ್ಜಿದಾರರು ಮಾತ್ರ ಅಮ್ಮ, ನೀವು ಹೊರಗಿರಿ” ಎಂದಿರಿ.

“ಮಕ್ಕಳಿದ್ದಾರಾ?” ಎಂದು ಚಂದ್ರಶೇಖರಯ್ಯನವರನ್ನು ಕೇಳಿದಿರಿ.

“ಇಲ್ಲ ಸಾ.”

“ಹಾಗಾದರೆ ತಕರಾರೇ ಇಲ್ಲ ಬಿಡಿ!”

ಚಂದ್ರಶೇಖರಯ್ಯ ಕೇಳಿದ್ದು ಒಂದೇ ಪ್ರಶ್ನೆ: “ನಾವಿರೋಗಂಟ ಮನೆ ಬಿಡ್ಸಲ್ಲ ತಾನೇ ಸಾ?”

“ನೀವು ಬದುಕಿರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ.”

ನಾನು ಕನ್ನಡ ಮೇಷ್ಟ್ರಾಗಿದ್ದವನು. ನಮ್ಮ ಭಾಷೆಯಲ್ಲಿ ಗೌರವದಿಂದ ಒಬ್ಬರನ್ನು ಕರೆದರೂ ‘ನೀವು’, ಮನೆಮಂದಿಯನ್ನೆಲ್ಲ ಕರೆದರೂ ‘ನೀವು’. ಅವರು ‘ನಾವು’ ಎಂದದ್ದು ಇಬ್ಬರನ್ನು ನೆನೆದು. ನೀವು ‘ನೀವು’ ಎಂದದ್ದು ಒಬ್ಬರನ್ನು ನೋಡಿ. ಹೊರಗೆ ಬಂದವರೇ ಅವರು ತಂಗಿಗೆ, “ನಮ್ಮಿಬ್ಬರ್ನೂ ಯಾರೂ ಅಲ್ಲಾಡ್ಸಕ್ಕಾಗಲ್ವಂತೆ ಕಣವ್ವ” ಎಂದು ನಕ್ಕರು. ಆ ನಗುವನ್ನು ನಾನು ಕಂಡಿದ್ದೇನೆ; ಅದರ ಹಿಂದಿನ ತಪ್ಪು ತಿಳಿವಳಿಕೆ ಅಂದು ನನಗೂ ಹೊಳೆಯಲಿಲ್ಲ. ತಂಗಿಗೆ ನೆಲೆ ತಪ್ಪುತ್ತದೆಂದು ತಿಳಿದಿದ್ದರೆ ಅವರು ಗಿರಣಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟು ಗಂಜಿ ಕುಡಿಯುತ್ತಿದ್ದರೇ ಹೊರತು ಸಹಿ ಹಾಕುತ್ತಿರಲಿಲ್ಲ.

ಚಂದ್ರಶೇಖರಯ್ಯ ಕಳೆದ ವರ್ಷ ಆಷಾಢದಲ್ಲಿ ತೀರಿಕೊಂಡರು. ಸಾಲ ತೀರಿಸಿ, ಇಲ್ಲವೇ ಮನೆ ಬಿಡಿ ಎಂದು ಬ್ಯಾಂಕಿನಿಂದ ನೋಟಿಸು ಬಂತು. ಬಸವಲಿಂಗಮ್ಮ ಹೊಳೆನರಸೀಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರೂ ನಿಮ್ಮ ಮುಂದೆ ನಿಂತೆವು.

“ಆವತ್ತು ನಾನು ಇಲ್ಲೇ ಆಚೆ ಬೆಂಚಲ್ಲಿ ಕುಂತಿದ್ನಲ್ಲಾ ಸಾ. ಒಂದ್ ಮಾತು ಒಳೀಕ್ ಕರ್ದು ಹೇಳಿದ್ರೆ ನಿಮ್ಗೇನಾಗ್ತಿತ್ತು?” ಎಂದರು ಅವರು.

ನೀವು ಸಮಾಧಾನ ಹೇಳಿದಿರಿ: “ಬೇಜಾರಾಗಬೇಡಿ ಅಜ್ಜಿ. ಮನೆ ಮಾರಿ, ಸಾಲ ಕಳೆದು ಉಳಿದ ದುಡ್ಡು ನಿಮಗೇ ಬರುತ್ತೆ.”

“ದುಡ್ಡ ಹೊದ್ಕಂಡು ಮಲಗಕ್ಕಾಯ್ತದಾ ಸಾ?”

ನೀವು ಗಡಿಯಾರ ನೋಡಿದಿರಿ. ಊಟದ ಹೊತ್ತಾಗಿತ್ತು, ಪಾಪ.

ಕಳೆದ ವಾರ ಅವರು ಪಾತ್ರೆಪಡಗ ಕಟ್ಟಿ, ಮನೆ ಗುಡಿಸಿ, ಕೀಲಿಕೈ ಒಪ್ಪಿಸಿದರು. ಬ್ಯಾಂಕಿನವರು ಮೇಲೊಂದು ಬೀಗ ಜಡಿದರು. ಆಟೋ ಹತ್ತುವಾಗ, ಅಣ್ಣನ ವಿಭೂತಿ ಗಟ್ಟಿ ದೇವರ ಗೂಡಿನಲ್ಲೇ ಉಳಿಯಿತೆಂದು ಅವರಿಗೆ ನೆನಪಾಯಿತು. ಬೀಗ ತೆಗೆಯಲು ಮೇಲಿನವರ ಅನುಮತಿ ಬೇಕಂತೆ. ಅನುಮತಿ ಇನ್ನೂ ಬಂದಿಲ್ಲ. ಈಗ ಚನ್ನರಾಯಪಟ್ಟಣದ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಬೆಳಿಗ್ಗೆ ಎದ್ದರೆ ಬಾಗಿಲು ಯಾವ ಕಡೆಗೆಂದು ತಿಳಿಯುವುದಿಲ್ಲ ಎನ್ನುತ್ತಾರೆ.

ನಿಯಮದಲ್ಲಿ ಲೋಪವಿಲ್ಲವೆಂದು ನೀವು ಉತ್ತರಿಸುವಿರಿ. ಒಪ್ಪಿದೆ. ನಿಯಮ ಓದಿ ಹೇಳುವುದಷ್ಟೇ ಆಗಿದ್ದರೆ ಗೋಡೆಗೊಂದು ಫಲಕ ಸಾಕಿತ್ತು, ನೀವೇಕೆ ಬೇಕಿತ್ತು?

“ನಮ್ಮ ಸಲಹೆ ಅರೆಬರೆಯಾಗಿತ್ತು” ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಆ ಮನೆಯ ಮಾರಾಟವನ್ನು ತಡೆಯಿರಿ. ಬಸವಲಿಂಗಮ್ಮ ಇರುವಷ್ಟು ಕಾಲ ಅಲ್ಲೇ ಇರಲು ದಾರಿ ಹುಡುಕಿ. ಇನ್ನು ಮುಂದೆ ಸಲಹೆ ಕೊಡುವುದಾದರೆ ಆಯಾ ಮನೆಗೇ ಹೋಗಿ. ಅಲ್ಲಿ ಉಣ್ಣುವವರು, ಮಲಗುವವರು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಅಷ್ಟಾಗದಿದ್ದರೆ ನಿಮ್ಮ ಬಾಗಿಲ ಮೇಲಿನ ‘ಆಪ್ತ ಸಲಹೆ’ ಎಂಬ ಬರಹದಲ್ಲಿ ಮೊದಲ ಪದವನ್ನು ಅಳಿಸಿಬಿಡಿ. ಕನ್ನಡದಲ್ಲಿ ಆ ಪದಕ್ಕೆ ಇನ್ನೂ ಮರ್ಯಾದೆಯಿದೆ.

ಇಂತಿ,
ನಿಮ್ಮ ಸಲಹೆ ಪೂರ್ತಿ ಕೇಳಿಯೂ ಮನೆ ಉಳಿಸಿಕೊಂಡಿರುವ ಅದೃಷ್ಟವಂತ,
ದೇವರಾಜು
ಹೊಳೆನರಸೀಪುರ