ಸೇತುವೆಯ ಈಚೆ

ಅಪ್ಪಾ,

ಸ್ವಾತಂತ್ರ್ಯ ಯುದ್ಧದ ಜಾಗಗಳನ್ನೆಲ್ಲ ಪೋಣಿಸುವ ಬಾಸ್ಟನ್‌ನ ಆ ಕೆಂಪು ಇಟ್ಟಿಗೆ ಗೆರೆಯನ್ನು ಈ ಬೇಸಿಗೆಯೂ ನಾವು ಕೊನೆವರೆಗೆ ನಡೆಯಲಿಲ್ಲ. ನೀನಿಲ್ಲದ ಮೊದಲ ಪ್ರವಾಸದಲ್ಲಾದರೂ ಸೇತುವೆ ದಾಟಿ, ಬಂಕರ್ ಹಿಲ್ ಸ್ಮಾರಕ ಮುಟ್ಟಿ ಬರಬೇಕೆಂದು ಹಟ ಹಿಡಿದವಳು ನಾನೇ.

ಸೇತುವೆಯ ಬಳಿ ಬಂದದ್ದೇ ಕ್ಲೇಟನ್, "ಹಸಿವಾಗ್ತಿದೆ ಅಕ್ಕ, ವಾಪಸ್ ಹೋಗೋಣ" ಎಂದ.

"ಅಪ್ಪನ ಮಗನೇ ಸರಿ ನೀನು. ಶೂ ಕಚ್ತಿದೆ ಅಂತಲೂ ಹೇಳ್ಬಿಡು," ಎಂದೆ.

ಪ್ರತಿ ವರ್ಷ ಇದೇ ಜಾಗದಲ್ಲಲ್ಲವೇ ನಿನ್ನ ಶೂ ಕಚ್ಚುತ್ತಿದ್ದದ್ದು? ನಾವು ಗೊಣಗುತ್ತ ಹಿಂದಿರುಗುತ್ತಿದ್ದದ್ದು?

ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತಳು. "ಅವನ ಶೂಗೆ ಏನೂ ಆಗಿರ್ಲಿಲ್ಲ ಕಣೆ ಲೋರ್ನಾ. ಇಲ್ಲಿಗೆ ಬರೋ ಹೊತ್ತಿಗೆ ನನ್ನ ಸೊಂಟ ಹಿಡ್ಕೊಳ್ತಿತ್ತು. ಮಕ್ಕಳಿಗೆ ಹೇಳ್ಬೇಡ ಅಂದಿದ್ದೆ."

"ಮತ್ತೆ ಈಗ್ಯಾಕೆ ಹೇಳ್ತಿದ್ದೀಯ?"

"ಶೂ ಕಚ್ತಿದೆ ಅನ್ನೋಕೆ ಅವನಿಲ್ವಲ್ಲ."

ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಮ್ಮ ಬೇಡವೆಂದರೂ ನನಗೊಬ್ಬಳಿಗೆ ಹೇಳಬಹುದಿತ್ತು. ನಿನ್ನ ಕಡೆಯ ಕ್ರಿಸ್‌ಮಸ್‌ಗೆ ನಾನು ಮೆತ್ತನೆಯ ಶೂ ತಂದು, "ಇನ್ನು ನೆಪ ಹೇಳೋ ಹಾಗಿಲ್ಲ" ಎಂದು ಎಲ್ಲರೆದುರು ಕೊಟ್ಟಾಗಲಾದರೂ ಹೇಳಬಹುದಿತ್ತು. ನೀನು ನಕ್ಕು, ಬಣ್ಣ ಚೆನ್ನಾಗಿದೆ ಎಂದೆ.

ಅದಿನ್ನೂ ಡಬ್ಬಿಯಲ್ಲೇ ಇದೆ. ಸಂಜೆ ಮನೆಗೆ ಬಂದ ಮೇಲೆ ಕ್ಲೇಟನ್, "ನನ್ನ ಅಳತೆಯದ್ದೇ, ನಾನು ಹಾಕ್ಕೊಳ್ಲಾ?" ಎಂದು ಕೇಳಿದ.

ಬೇಡ, ಕಚ್ಚುತ್ತದೆ ಎಂದೆ.