ಹೊಳೆಯ ಹುಕುಂ ಯಾರದು

ಜೂನ್ 11, 1984

ಪೊಲೀಸ್ ಕಂಟ್ರೋಲ್ ರೂಮಿನ ವಾಯರ್‌ಲೆಸ್ ಮತ್ತೆ ಗೊರಗೊರ. ಚಹಾ ತಣ್ಣಗಾಯಿತು. ಇವತ್ತೂ ಅದೇ ಜಗಳ — ಕೃಷ್ಣೆ ಯಾವ ಠಾಣೆಯದು? ಹೋದ ತಿಂಗಳು ಹೆಣವೊಂದು ತೇಲಿ ಬಂತು. ಈ ದಡದವರು ಆ ದಡದವರದು ಎಂದರು, ಆ ದಡದವರು ಇವರದೆಂದರು. ಸತ್ತವನ ಮಗ ಸಂಜೆತನಕ ಘಾಟಿನ ಮೆಟ್ಟಿಲ ಮೇಲೆ ಕುಳಿತಿದ್ದ. ಸೆಟ್ಟಿನಲ್ಲಿ ಅತ್ತಿಂದಿತ್ತ ಮಾತು ದಾಟಿಸಿದವಳು ನಾನೇ. ಊಟ ಸೇರಲಿಲ್ಲ ಅವತ್ತು.

ಜೂನ್ 14

ಎಸ್‌ಪಿ ಸಾಹೇಬರು ಜಗಳ ಮುಗಿಸಿಬಿಟ್ಟರು! ಇನ್ನು ಮೂರು ವಿಭಾಗ. ಸಾಂಗ್ಲಿಯ ನೆಲ, ಮಿರಜಿನ ನೆಲ, ಮೂರನೆಯದು ನದಿ. ಸಾಂಗ್ಲಿಯ ನೆಲಕ್ಕೆ ಇನ್‌ಸ್ಪೆಕ್ಟರ್ ಬಾಬಾಸಾಹೇಬರು. ನದಿಗೆ ಅವರಿಗಿಂತ ಕೆಳಗಿನ ಹುದ್ದೆಯ ಫೌಜದಾರ ಶಿದ್ರಾಮ ಕಾಕಾ. ಬೋಟು ನೀರಿಗಿಳಿದರೆ ಹುಕುಂ ನದಿ ಫೌಜದಾರರದು ಮಾತ್ರ. ನೆಲದವರು ವಿನಂತಿ ಮಾಡಬಹುದು, ಅಷ್ಟೆ. ಈ ಮಳೆಗಾಲ ಪರೀಕ್ಷೆ. ಕೆಟ್ಟರೆ ರದ್ದು.

ಹೊರಗೆ ಎಲ್ಲರಿಗೂ ನಗು. ಕಪ್ಪೆ ಪಥಕವಂತೆ, ಕಪ್ಪೆಗಳ ದಂಡು.

ಜೂನ್ 29

ಸಕ್ಕರೆ ಕಾರ್ಖಾನೆಯವರು ಇಂಜಿನ್ ಬೋಟು ಕೊಟ್ಟರು. ಜೊತೆಗೆ ಹುಟ್ಟು ಹಾಕುವ ಎರಡು ಹಳೇ ಹೋಡಿ. ಕಾಕಾ ಬಂದು ಎದುರಿಗೆ ಕುಳಿತರು.

"ಶಾಲನ, ನೀರಿನ ಮ್ಯಾಲ ನಾ ಇರತೀನಿ. ಆದ್ರ ಕರೆ ಬರೋದು ನಿನ್ನ ಕಿವಿಗೆ. ಯಾರ ದಬಾಯಿಸಿದ್ರೂ ನೀ ಅಳಕಬಾರದು. ಆಗತೈತೇನ?"

"ಆಗತೈತ್ರಿ" ಅಂದೆ. ಅಂದದ್ದೇನೋ ಅಂದೆ...

ಆಗಸ್ಟ್ 8

ಮಳೆ. ಹೊಳೆ ಏರುತ್ತಿದೆ. ಅವ್ವ ಸಲಗರೆಯಿಂದ ಹೇಳಿ ಕಳಿಸಿದ್ದಾಳೆ — ಮನೆಗೆ ಬಾ ಅಂತ. ಹೆಂಗ ಬರಲಿ?

ಆಗಸ್ಟ್ 10, ಸಂಜೆ

 ಇವತ್ತಿನದು ಬರೆಯಲೇಬೇಕು.

ಬೆಳಿಗ್ಗೆ ಘಾಟಿನಿಂದ ಸುದ್ದಿ. ದಂಡೆಯ ಗುಡಿಸಲುಗಳು ಮುಳುಗಿವೆ. ವಿಜಾಪುರದ ಕಡೆಯಿಂದ ಕೂಲಿಗೆ ಬಂದವರು ಜಾಕವೆಲ್ ಹತ್ತಿದ್ದಾರೆ — ಹೊಲಗಳಿಗೆ ಹೊಳೆನೀರು ಎತ್ತುವ ಸಂಘದ ಪಂಪು ಕಟ್ಟಡ ಅದು. ಹೆಂಗಸರು, ಮಕ್ಕಳು ಎಲ್ಲ ಮಾಳಿಗೆ ಮೇಲೆ. ಸುತ್ತ ನೀರು. ಕಾಕಾ ಇಂಜಿನ್ ಬೋಟು ತೆಗೆದುಕೊಂಡು ಹೊರಟರು.

ಅಷ್ಟರಲ್ಲಿ ಸೆಟ್ಟಿನಲ್ಲಿ ಬಾಬಾಸಾಹೇಬರು. ಹಳದಿ, ಅಂದರೆ ಅರಿಶಿನ ಬೆಳೆಗಾರರ ಸಂಘದ ಚೇರಮನ್ನರು ಅವರ ಪಕ್ಕದಲ್ಲೇ ನಿಂತಿದ್ದರು ಅನಿಸುತ್ತದೆ, ಹಿಂದೆ ಕೂಗಾಟ ಕೇಳುತ್ತಿತ್ತು.

"ಇಂಜಿನ್ ಬೋಟು ಹಳದಿ ಗೋದಾಮಿಗೆ ತಿರುಗಸು, ಮೂಟಿ ಮುಳಗಾಕತ್ತಾವ. ತಾಬಡತೋಬ, ಈಗಿಂದೀಗ!"

"ಸಾಹೇಬರ, ಬೋಟು ಜಾಕವೆಲ್ಲಿಗೆ ಹೊಂಟೈತ್ರಿ. ಫೌಜದಾರರನ್ನ ಕೇಳಬೇಕಾಗತೈತಿ."

"ಇನ್‌ಸ್ಪೆಕ್ಟರ್ ನಾನು!"

"ಹೌದ್ರಿ ಸಾಹೇಬರ. ನೆಲದ ಮ್ಯಾಲ."

ಬಾಯಿಂದ ಬಂದೇಬಿಟ್ಟಿತು.  ನೌಕರಿ ಹೋಯಿತು ಅಂದುಕೊಂಡೆ. ಆದರೂ ನಿಯಮದಂತೆ ಕಾಕಾಗೆ ವಿನಂತಿ ದಾಟಿಸಿದೆ. ಇಂಜಿನ್ನಿನ ಸದ್ದಿನ ನಡುವೆ ಅವರ ದನಿ —

"ಹಳದಿ ಮುಂದಿನ ವರ್ಷನೂ ಬೆಳೀತೈತಿ ಅಂತ ಹೇಳವ್ವ ಅವರಿಗೆ."

ಹಾಗೇ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಮುಂದೆ ಬಹಳ ಹೊತ್ತು ಸೆಟ್ಟಿನಲ್ಲಿ ಬರೀ ಗೊರಗೊರ. ಮಧ್ಯಾಹ್ನ ಮತ್ತೆ ಕಾಕಾ: "ಮಕ್ಕಳೆಲ್ಲ ದಡಕ್ಕ ಮುಟ್ಯಾವ. ಕಡೀ ಖೇಪು, ಇನ್ನೊಂದ ಸುತ್ತ ಅಷ್ಟ. ಸಾತವ್ವ ಅಂತ ಒಬ್ಬಾಕಿ ಮುದುಕಿ ಇಳಿಯಾಕ ಒಲ್ಲೆ ಅಂತಾಳ. ಆಡು ಮೊದಲ ಇಳಸ್ರಿ ಅಂತ ಹಟ."

"ಇಳಸ್ರಿ ಕಾಕಾ!"

"ಇಳಿಸೇನಿ. ನನ್ನ ತೊಡಿ ಮ್ಯಾಲ ಕುಂತೈತಿ."

ಅಳುತ್ತಲೇ ನಕ್ಕೆ. ಆಡು, ಮುದುಕಿ, ಎಲ್ಲರೂ ದಡಕ್ಕೆ. ಮಾಳಿಗೆ ಮೇಲೆ ಒಬ್ಬರೂ ಉಳಿಯಲಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೇ ಜಾಕವೆಲ್ಲಿನ ಒಂದು ಪಕ್ಕ ಕುಸಿದು ಮಾಳಿಗೆ ನೀರಿಗೆ ಬಿತ್ತು. ಘಾಟಿನವರು ಕಣ್ಣಾರೆ ನೋಡಿದ್ದಾರೆ.

ಆಗಸ್ಟ್ 17

ನೀರು ಇಳಿದಿದೆ. ಎಸ್‌ಪಿ ಸಾಹೇಬರ ಮುಂದೆ ಹಾಜರಿ. ಚೇರಮನ್ನರ ದೂರು — ನಾನು ಉದ್ಧಟಳು, ಫೌಜದಾರ ಮೊಂಡ. ಸಾಹೇಬರು ಬಾಬಾಸಾಹೇಬರತ್ತ ತಿರುಗಿ, ನೀವೇನು ಹೇಳುತ್ತೀರಿ ಎಂದರು.

ಬಾಬಾಸಾಹೇಬರು ಎದ್ದು ನಿಂತರು. ಮರಾಠಿಯಲ್ಲೇ ಹೇಳಿದರು: ಅವಳು ನನ್ನ ಮಾತು ಕೇಳಿದ್ದರೆ ಇವತ್ತು ನಾನು ಹೆಣ ಎಣಿಸಬೇಕಿತ್ತು. ನಿಯಮ ಸರಿ. ಇರಲಿ.

ಹೊರಗೆ ವರಾಂಡದಲ್ಲಿ ನನ್ನ ಹತ್ತಿರ ಬಂದು ಕನ್ನಡದಲ್ಲಿ: "ಹೊಳಿ ನಿಮ್ಮದವಾ, ಒಪ್ಪಿದೆ. ಆದ್ರ ನೆಲದ ಮ್ಯಾಲ ಸೆಲ್ಯೂಟ್ ಮರೀಬ್ಯಾಡ." ಕಾಲು ಕುಟ್ಟಿ ಹೊಡೆದೆ ಒಂದು! ಕಿಟಕಿ ಅದುರಿತು.

ಸೆಪ್ಟೆಂಬರ್ 3

ನದಿ ವಿಭಾಗ ಕಾಯಂ. ಆರ್ಡರಿನ ಕೆಳಗೆ ನನ್ನ ಹೆಸರೂ ಇದೆ — ಬೋಟಿನ ಮೇಲೆ, ವಾಯರ್‌ಲೆಸ್ ಸಮೇತ. ಕಪ್ಪೆ ಎಂದು ನಗುತ್ತಿದ್ದವರೇ ಇಲ್ಲಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದಾರೆ. ಕಾಕಾ ಪೇಢೆ ಹಂಚಿದರು.

ಸೆಪ್ಟೆಂಬರ್ 5, ಬೆಳಿಗ್ಗೆ

ಘಾಟು. ಮೊದಲ ದಿನ. ಬೋಟಿನಲ್ಲೇ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಓಲಾಡುತ್ತಿವೆ. ಬಿಸಿಲು ಬಿದ್ದಿದೆ. ಕಾಕಾ ಹಗ್ಗ ಬಿಚ್ಚುತ್ತಿದ್ದಾರೆ. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು ಕೈ ಬೀಸುತ್ತಿದ್ದಾರೆ, ನಾನೂ —

"ಶಾಲನ, ಪೆನ್ನ ಇಡವ್ವ, ಹೊಂಟೇವಿ!"

ಇಂಜಿನ್ ಹತ್ತಿತು. ಉಳಿದದ್ದು ಸಂಜೆಗೆ, ದಡ ಮುಟ್ಟಿದ ಮೇಲೆ.