ಸೋಲಾರ್ ಒರೆಸಿದ ದಿನ

ಮಾರ್ಚ್ ೧೪, ಮಂಗಳವಾರ

ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಪಾರಿವಾಳದ ಹಿಕ್ಕೆಯ ನಾತ ಹೋಗಿಲ್ಲ. ಊಟವೂ ಸೇರಲಿಲ್ಲ.

ಇವರು ವಿಡಿಯೊ ನೋಡಿ ನೋಡಿ ತಾವೇ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದರು. ಕೂರಿಸಿದ ಹೆಮ್ಮೆ ಇವರದು, ಒರೆಸುವ ಹಣೆಬರಹ ನನ್ನದು. ಸಂಜೆಯಾದರೆ ಒಂದು ಫ್ಯಾನೂ ತಿರುಗುವುದಿಲ್ಲ. ಕೇಳಿದರೆ, "ನೀನು ಸರಿಯಾಗಿ ಒರೆಸಲ್ಲ ಕಣೇ, ಅದಕ್ಕೇ ಬ್ಯಾಟರಿ ತುಂಬ್ತಿಲ್ಲ" ಅನ್ನುತ್ತಾರೆ.

ಯಾವಾಗಲೂ ಬಿಸಿಲೇರುವ ಮೊದಲೇ ಒರೆಸುತ್ತಿದ್ದವಳು ಇವತ್ತು ಮಧ್ಯಾಹ್ನ ಬಕೆಟ್ ಹಿಡಿದು ಹತ್ತಿದೆ. ಗಾಜಿನ ಮೇಲೆ ಒಣಗಿ ಗಟ್ಟಿಯಾದ ಹಿಕ್ಕೆ, ಅಡಿಯಲ್ಲಿ ಸತ್ತ ಮರಿ, ಅದರ ತುಂಬ ಹುಳ. ಮೂಗು ಮುಚ್ಚಿಕೊಂಡು ಎಲ್ಲವನ್ನೂ ಬಾಚಿ ತೆಗೆದೆ. ಆಗ ನೋಡಿದರೆ ಕಡಿದಾಗಿ ನಿಲ್ಲಿಸಿದ ಪ್ಯಾನೆಲ್ಲುಗಳ ಬೆನ್ನ ಮೇಲೆ ಸುಡುಬಿಸಿಲು, ಗಾಜಿನ ಮೇಲೆ ನೆರಳು. ಅಷ್ಟೂ ಬಿಸಿಲಿಗೆ ಬೆನ್ನು ಹಾಕಿ ಕೂತಿವೆ!

ಕೆಳಗಿಳಿದು ಕೇಳಿದೆ. "ರೀ, ಬಿಸಿಲು ಆ ಕಡೆ, ಇವು ಈ ಕಡೆ. ಯಾಕೆ ಹೀಗೆ ಕೂರಿಸಿದ್ರಿ?"

"ಆ ಕಡೆ ತಿರುಗಿಸಿದ್ರೆ ಅಣ್ಣನ ಮನೆಗೆ ಕಾಣಲ್ವಲ್ಲ" ಅಂದರು, ಮೊಬೈಲಿನಿಂದ ಕಣ್ಣು ತೆಗೆಯದೆ.

ಹಿಂದಿನ ಬೀದಿಯಲ್ಲಿ ಭಾವನವರ ಮನೆ. "ನಿನ್ನ ಕೈಲಿ ಒಂದು ಮೊಳೆ ಹೊಡೆಯೋಕೂ ಆಗಲ್ಲ" ಅಂತ ಅವರು ಎಂದೋ ಅಂದಿದ್ದು ಇವರ ಎದೆಯಲ್ಲಿ ಇನ್ನೂ ಕೂತಿದೆ. ಅದಕ್ಕೆ ನಾನು ಹುಳ ಬಾಚಬೇಕು. ಥೂ.

ಇನ್ನೊಂದು ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಗಾಜು ಒರೆಸುತ್ತಾ, ಭಾವನವರ ಮನೆಯಲ್ಲಿ ನಮ್ಮ ತಾರಸಿಯ ಕಡೆಗಿರುವ ಒಂದೇ ಒಂದು ಕಿಟಕಿಯನ್ನು ನೋಡಿದ್ದೆ. ಒಳಗಿನಿಂದ ಅದಕ್ಕೆ ಬೀರು ಒತ್ತಿ ನಿಲ್ಲಿಸಿದ್ದಾರೆ. ಕಿಟಕಿಯ ತುಂಬ ಕಾಣುವುದು ಧೂಳು ಹಿಡಿದ ಬೀರುವಿನ ಬೆನ್ನು.